ಉಳಿದ ಕಾಗದ, ಅಳಿದ ಹೆಸರು

ಧರ್ಮವರ, ಅನಂತಪುರಗಳ ಸೀಮೆಯನ್ನು ಇಂದು ಯಾರೂ ಕರ್ನಾಟಕವೆಂದು ಕರೆಯುವುದಿಲ್ಲ. ಆದರೆ ಮುನ್ನೂರು ವರ್ಷಗಳ ಹಿಂದೆ ಈ ಭಾಗದ ಊರುಗಳಲ್ಲಿ ನೆಲೆಸಿ, ಇಲ್ಲಿಂದ ತಮ್ಮ ದೇಶಕ್ಕೆ ಕಾಗದ ಬರೆಯುತ್ತಿದ್ದ ಫ್ರಾನ್ಸಿನ ಜೆಸ್ಯೂಟ್ ಪಾದ್ರಿಗಳು ತಮ್ಮ ಕಾರ್ಯಕ್ಷೇತ್ರಕ್ಕೆ ‘ಕಾರ್ನಾತ್ ಮಿಷನ್’ ಎಂದೇ ಹೆಸರಿಟ್ಟಿದ್ದರು. ಪುದುಚೇರಿಯಿಂದ ಹೊರಟು, ಘಟ್ಟವನ್ನೇರಿ, ಕೃಷ್ಣಾಪುರ, ಧರ್ಮವರ, ಚಿಕ್ಕಬಳ್ಳಾಪುರಗಳವರೆಗೆ ಅವರು ನಡೆದು ಬಂದರು. ಹೋದ ಹೋದಲ್ಲಿ ಕುಳಿತು ಬರೆದರು. ಆ ಕಾಗದಗಳು ಪ್ಯಾರಿಸಿನಲ್ಲಿ ಅಚ್ಚಾದವು.

ಸಂಘದ ಸಭೆಗಳಲ್ಲಿ ಈ ಸಂಗತಿಯನ್ನು ಹೇಳಿದರೆ ಚಪ್ಪಾಳೆ ಬೀಳುವುದನ್ನು ನಾವು ಕಂಡಿದ್ದೇವೆ. ಚಪ್ಪಾಳೆಗೆ ಮುನ್ನ ಒಂದು ಮಾತನ್ನು ಸೇರಿಸುವುದು ನ್ಯಾಯ. ಆ ಪಾದ್ರಿಗಳ ‘ಕಾರ್ನಾತ್’ ನಮ್ಮ ನುಡಿಯ ಎಲ್ಲೆಯನ್ನು ನೋಡಿ ಗುರುತಿಸಿದ್ದಲ್ಲ. ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ನೆಲವನ್ನೆಲ್ಲ ಆ ಹೆಸರಿನಿಂದ ಕರೆಯುವ ರೂಢಿ ಅಂದಿತ್ತು. ಅವರು ಓಡಾಡಿದ್ದು ಬಹುಪಾಲು ತೆಲುಗರ ನಡುವೆ, ಕಲಿತದ್ದು ಮುಖ್ಯವಾಗಿ ತೆಲುಗು ಮತ್ತು ಸಂಸ್ಕೃತ. ಆದಕಾರಣ ಈ ಹೆಸರನ್ನು ಹಿಡಿದು ಗಡಿಯ ವ್ಯಾಜ್ಯವನ್ನು ಗೆಲ್ಲಲು ಹೊರಡುವುದು ತರವಲ್ಲ. ನಾವು ಆ ಕಾಗದಗಳ ಹಿಂದೆ ಬಿದ್ದದ್ದು ಬೇರೆಯೇ ಕಾರಣಕ್ಕೆ: ಒಬ್ಬನು ಬರೆದಿಟ್ಟ ಕಾಗದ ಯಾರ ಕೈ ಸೇರುತ್ತದೆ, ಕೊನೆಗೆ ಯಾರ ಹೆಸರಿನಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿಯಬೇಕಾಗಿತ್ತು. ಅದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇವೆ.

ನಮಗೆ ಫ್ರೆಂಚ್ ಬಾರದು. ಆಂಗ್ಲ ಅನುವಾದಗಳನ್ನೂ ವಿದ್ವಾಂಸರು ಬರೆದ ವಿವರಣೆಗಳನ್ನೂ ಆಶ್ರಯಿಸಿಯೇ ಓದಬೇಕಾಯಿತು. ಜೆಸ್ಯೂಟರು ಲೋಕದ ನಾನಾ ಭಾಗಗಳಿಂದ ಬರೆದ ಪತ್ರಗಳು ೧೭೦೨ರಿಂದ ೧೭೭೬ರವರೆಗೆ ಮೂವತ್ತನಾಲ್ಕು ಸಂಪುಟಗಳಲ್ಲಿ ಪ್ರಕಟವಾದವು. ಅವುಗಳಲ್ಲಿ ನಮ್ಮ ಸೀಮೆಯ ಪತ್ರಗಳನ್ನು ಹುಡುಕುವುದು ಒಂದು ತಮಾಷೆಯ ಕೆಲಸ. ಊರ ಹೆಸರುಗಳು ಫ್ರೆಂಚರ ಕಿವಿಗೆ ಬಿದ್ದಂತೆ ಬರೆಯಲ್ಪಟ್ಟಿವೆ. ಕೃಷ್ಣಾಪುರವೆಂಬ ಸರಳ ಹೆಸರು ಗುರುತೇ ಸಿಗದಷ್ಟು ತಿರುಚಿಕೊಂಡಿದೆ. ಬಳ್ಳಾಪುರ ಅಷ್ಟು ಕೆಟ್ಟಿಲ್ಲ. ಬಾಯಿಬಿಟ್ಟು ಗಟ್ಟಿಯಾಗಿ ಓದಿದರೆ ತಾನಾಗಿ ತಿಳಿಯುತ್ತದೆ. ಮಳೆ ಹಿಂಗಿದ್ದು, ಪಾಳೆಯಗಾರರ ದಂಡು ಬಂದದ್ದು, ಊರವರು ಗುಡ್ಡ ಸೇರಿದ್ದು, ದಾಸರಿಗಳೂ ಜಂಗಮರೂ ಇವರೊಡನೆ ವಾದಕ್ಕಿಳಿದದ್ದು, ಇವೆಲ್ಲ ಆ ಪತ್ರಗಳ ವಸ್ತು. ಪರಧರ್ಮವನ್ನು ಕುರಿತು ಅವರಾಡುವ ಮಾತುಗಳಲ್ಲಿ ಸೌಜನ್ಯ ಕಡಮೆ. ಅದನ್ನು ಸಹಿಸಿಕೊಂಡು ಓದಿದರೆ, ನಮ್ಮವರು ಯಾರೂ ಬರೆದಿಡದ ದಿನನಿತ್ಯದ ಬಾಳು ಅಲ್ಲಿ ಕಾಣುತ್ತದೆ.

ಅವರಲ್ಲಿ ಕಾಲ್ಮೆತ್ ಎಂಬವರು ಬಳ್ಳಾಪುರದಿಂದ ಬರೆದ ಪತ್ರಗಳು ಪ್ರಸಿದ್ಧವಾಗಿವೆ. ಫ್ರಾನ್ಸಿನ ರಾಜನ ಗ್ರಂಥಾಲಯಕ್ಕೆ ಭಾರತದ ಗ್ರಂಥಗಳು ಬೇಕಾಗಿದ್ದವು. ಹೊರಗಿನವರ ಕೈಗೆ ಸಿಕ್ಕದೆಂದು ಯುರೋಪಿನವರು ಆಸೆ ಬಿಟ್ಟಿದ್ದ ವೇದಗಳನ್ನು ೧೭೩೦ರ ದಶಕದಲ್ಲಿ ಇವರು ಸಂಪಾದಿಸಿ ಪ್ಯಾರಿಸಿಗೆ ಕಳುಹಿಸಿದರು. ಋಗ್ವೇದದ ಆ ಪ್ರತಿ ತೆಲುಗು ಲಿಪಿಯಲ್ಲಿದೆ. ಗ್ರಂಥಗಳು ದೊರೆತ ಬಗೆಯನ್ನು ಕಾಲ್ಮೆತ್ ಮರೆಮಾಚುವುದಿಲ್ಲ: ಕ್ರೈಸ್ತರಾಗಿದ್ದೂ ಅದನ್ನು ಪ್ರಕಟಪಡಿಸದೆ ತಮ್ಮವರ ನಡುವೆಯೇ ಬಾಳುತ್ತಿದ್ದ ಕೆಲವು ಬ್ರಾಹ್ಮಣರ ನೆರವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ ಎನ್ನುತ್ತಾರೆ. ತಂದುಕೊಟ್ಟವರ ಹೆಸರನ್ನು ಮಾತ್ರ ಅವರು ಎತ್ತುವುದಿಲ್ಲ. ಆ ದಿನಗಳಲ್ಲಿ ಹೆಸರು ಹೇಳಿದ್ದರೆ ಅವರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಹೆಸರನ್ನು ಅಡಗಿಸುವುದು ಕೆಲವೊಮ್ಮೆ ಕರುಣೆಯೂ ಹೌದು. ಎಲ್ಲ ಸಲವೂ ಅಲ್ಲ.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಕಾಲ್ಮೆತ್ ಅಲ್ಲ; ಅವರ ಬಳಿಕದ ಗಾಸ್ತೋಂ ಲೋರಾಂ ಕೋರ್ದೂ. ೧೬೯೧ರಲ್ಲಿ ಹುಟ್ಟಿ, ೧೭೩೨ರಲ್ಲಿ ಭಾರತಕ್ಕೆ ಬಂದು, ಮೊದಲು ತೆಲುಗು ನಾಡಿನ ಒಳಭಾಗದಲ್ಲಿಯೂ ಆಮೇಲೆ ಪುದುಚೇರಿಯಲ್ಲಿಯೂ ಇದ್ದು, ೧೭೭೯ರಲ್ಲಿ ಇಲ್ಲಿಯೇ ತೀರಿಕೊಂಡ ಮನುಷ್ಯ. ನಲವತ್ತೇಳು ವರ್ಷ ಹುಟ್ಟಿದೂರಿನ ಮುಖವನ್ನು ನೋಡಲಿಲ್ಲ. ೧೭೪೨ರಲ್ಲಿ ಅವರು ಬರೆದ ಒಂದು ದೀರ್ಘ ಪತ್ರ ಬಟ್ಟೆಗೆ ಬಣ್ಣ ಬರೆಯುವ ನಮ್ಮ ಕಲೆಯನ್ನು ಕುರಿತದ್ದು. ಇಂದು ನಾವು ಕಲಂಕಾರಿ ಎನ್ನುತ್ತೇವಲ್ಲ, ಅದೇ. ಅಳಲೆಕಾಯಿಯ ಪುಡಿಯನ್ನು ಎಮ್ಮೆಯ ಹಾಲಿನಲ್ಲಿ ಕಲಸಿ ಬಟ್ಟೆಯನ್ನು ಅದ್ದುವುದರಿಂದ ಮೊದಲ್ಗೊಂಡು, ಕಬ್ಬಿಣದಿಂದ ಕಪ್ಪು ಬಣ್ಣ ತೆಗೆಯುವುದು, ಪಟಿಕವನ್ನು ಬಳಸುವುದು, ಬೇರಿನಿಂದ ಕೆಂಪು ಬಣ್ಣ ಬರಿಸುವುದು ಇವನ್ನೆಲ್ಲ ಅವರು ಒಂದೊಂದಾಗಿ ವಿವರಿಸುತ್ತಾರೆ. ಯುರೋಪಿನಲ್ಲಿ ನಮ್ಮ ಬಟ್ಟೆಗೆ ಅಪಾರ ಬೇಡಿಕೆಯಿದ್ದ ಕಾಲವದು. ಒಗೆದರೂ ಹೋಗದ ಆ ಬಣ್ಣದ ಗುಟ್ಟಿಗಾಗಿ ಅಲ್ಲಿಯ ಕೈಗಾರಿಕೆಯವರು ಕಾತರಿಸುತ್ತಿದ್ದರು. ಕೋರ್ದೂ ಇದನ್ನು ಕೇಳಿ ತಿಳಿದದ್ದು ತಮ್ಮಲ್ಲಿಗೆ ಬರುತ್ತಿದ್ದ, ಅದೇ ಕಸುಬಿನ ಕ್ರೈಸ್ತರಿಂದ. ಒಬ್ಬನು ಹೇಳಿದ್ದನ್ನು ಇನ್ನೊಬ್ಬನಿಂದ ಕೇಳಿ ಸರಿನೋಡಿಕೊಂಡರಂತೆ. ಆ ಬಣ್ಣಗಾರರು ಯಾರು, ಯಾವ ಊರವರು? ತಲೆಮಾರುಗಳ ಕಸುಬಿನ ಗುಟ್ಟನ್ನು ಕೇಳಿದವರಿಗೆಲ್ಲ ಬಿಚ್ಚಿ ಹೇಳಿದ ಆ ಮುಗ್ಧರಿಗೆ ಅದರಿಂದ ಏನು ದೊರೆಯಿತು? ಪತ್ರ ಉಳಿಯಿತು, ಉತ್ತರವಿಲ್ಲ.

ಕೋರ್ದೂ ಬರೆದ ಇನ್ನೊಂದು ಪತ್ರದ ಕತೆ ಇದಕ್ಕಿಂತ ವಿಚಿತ್ರವಾದುದು. ೧೭೬೭ರಲ್ಲಿ ಅವರು ಪ್ಯಾರಿಸಿನ ಒಂದು ವಿದ್ವತ್ ಸಂಸ್ಥೆಯ ಬಾರ್ತೆಲೆಮಿ ಎಂಬ ಪಂಡಿತರಿಗೆ ಬರೆದು ಒಂದು ಪ್ರಶ್ನೆಯನ್ನು ಮುಂದಿಟ್ಟರು: ಸಂಸ್ಕೃತದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಗೆ ಸಮಾನವಾದ ಇಷ್ಟೊಂದು ಪದಗಳು ಇರಲು ಕಾರಣವೇನು? ಜೊತೆಗೆ ಪಟ್ಟಿಯನ್ನೂ ಕೊಟ್ಟರು. ದೇವ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ದೇಉಸ್, ದಾನಕ್ಕೆ ದೋನುಂ, ವಿಧವೆಗೆ ವಿದುವಾ. ಪದಗಳು ಮಾತ್ರವಲ್ಲ, ‘ಅಸ್ಮಿ’ಯಂಥ ಕ್ರಿಯಾರೂಪಗಳೂ ಹೋಲುತ್ತವೆಂದು ತೋರಿಸಿ, ಈ ಜನಾಂಗಗಳೆಲ್ಲ ಮೂಲದಲ್ಲಿ ಬಂಧುಗಳಾಗಿರಬೇಕೆಂಬ ತೀರ್ಮಾನಕ್ಕೆ ಬಂದರು. ವಿಲಿಯಂ ಜೋನ್ಸ್ ಕಲ್ಕತ್ತೆಯ ಸಭೆಯಲ್ಲಿ ಇದೇ ನಂಟನ್ನು ಕುರಿತು ಮಾತನಾಡಿ ಜಗತ್ಪ್ರಸಿದ್ಧರಾದದ್ದು ೧೭೮೬ರಲ್ಲಿ. ಕೋರ್ದೂ ಅವರ ಪತ್ರ ಅಚ್ಚಾದದ್ದು ೧೮೦೮ರಲ್ಲಿ! ಬರೆದು ನಲವತ್ತೊಂದು ವರ್ಷ; ಬರೆದವರು ಸತ್ತು ಇಪ್ಪತ್ತೊಂಬತ್ತು ವರ್ಷ. ಅಷ್ಟರಲ್ಲಿ ಕೀರ್ತಿ ಹಂಚಿಹೋಗಿತ್ತು.

ಜೋನ್ಸ್ ದೊಡ್ಡ ವಿದ್ವಾಂಸರು, ತಮ್ಮ ದಾರಿಯಲ್ಲಿ ತಾವೇ ನಡೆದು ಆ ಮಾತಿಗೆ ಬಂದವರು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಒಂದು ಕಾಗದ ತಲುಪಬೇಕಾದವರಿಗೆ ತಲುಪಿಯೂ ಕಡತದೊಳಗೆ ನಿದ್ರಿಸಬಹುದು ಎಂಬುದಷ್ಟೇ ನಮಗೆ ಬೇಕಾದ ಸಂಗತಿ.

ಇನ್ನೊಂದು ನಷ್ಟ ಕೋರ್ದೂ ಅವರಿಗೆ ಕಾದಿತ್ತು. ಭಾರತದ ಆಚಾರ ವಿಚಾರಗಳನ್ನು ಕುರಿತು ಅವರು ದೊಡ್ಡದೊಂದು ಹಸ್ತಪ್ರತಿಯನ್ನು ಸಿದ್ಧಪಡಿಸಿದ್ದರು. ೧೭೭೩ರಲ್ಲಿ ಪೋಪ್ ಅವರು ಜೆಸ್ಯೂಟರ ಸಂಘವನ್ನೇ ವಿಸರ್ಜಿಸಿದರು. ೧೭೭೬ರಲ್ಲಿ ಪುದುಚೇರಿಯ ಅವರ ಕಾರ್ಯವೆಲ್ಲ ಪ್ಯಾರಿಸಿನ ವಿದೇಶ ಮಿಷನ್ ಸಂಘದ ವಶವಾಯಿತು. ಹಳಬರು ಬದುಕಿರುವಾಗಲೇ ಅವರ ಮನೆಗೆ, ಅವರ ಪುಸ್ತಕಗಳ ನಡುವೆ ಹೊಸಬರು ಬಂದು ಕುಳಿತರು. ಒಕ್ಕಲು ಬದಲಾದಾಗ ಹಳೆಯ ಕಾಗದಗಳಿಗೆ ಏನಾಗುತ್ತದೆಂಬುದು ಹಳ್ಳಿಯ ಮನೆಗಳಲ್ಲಿ ಬೆಳೆದ ನಮಗೆ ತಿಳಿಯದ್ದಲ್ಲ.

ಆ ಹೊಸ ಸಂಘದವರಾಗಿ ಬಂದವರೇ ನಮ್ಮ ಇತಿಹಾಸಕಾರರು ಅಬ್ಬೆ ದುಬಾಯ್ ಎಂದು ಕರೆಯುವ ಜಾಂ ಆಂತ್ವಾನ್ ದುಬುವಾ. ಫ್ರಾನ್ಸಿನ ಮಹಾಕ್ರಾಂತಿಯ ಗದ್ದಲದ ನಡುವೆ, ೧೭೯೨ರಲ್ಲಿ, ದೇಶ ಬಿಟ್ಟು ಹೊರಟ ಯುವಕ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸಕ್ಕೆ ಬಂದರು. ಫ್ರೆಂಚರಿಗೂ ಆಂಗ್ಲರಿಗೂ ಯುದ್ಧ ನಡೆಯುತ್ತಿದ್ದಾಗ ಒಬ್ಬ ಫ್ರೆಂಚ್ ಪಾದ್ರಿ ಆಂಗ್ಲರ ನೆರಳಿನಲ್ಲಿ ಕನ್ನಡ ನಾಡಿನ ಹಳ್ಳಿಗಳನ್ನು ಸುತ್ತುತ್ತಿದ್ದುದು ಸಣ್ಣ ಸಂಗತಿಯಲ್ಲ. ರುಮಾಲು ಸುತ್ತಿ, ಈ ನೆಲದವರಂತೆಯೇ ಉಟ್ಟು ಉಂಡು ಬಾಳಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಒಕ್ಕಲುಗಳನ್ನು ನೆಲೆಗೊಳಿಸಿದರು. ಸಿಡುಬಿಗೆ ದಾಕು ಹಾಕುವುದು ಇಲ್ಲಿ ಆರಂಭವಾದಾಗ ಜನರ ಅಂಜಿಕೆ ಬಿಡಿಸಿ ಸಾವಿರಾರು ಮಂದಿಗೆ ಹಾಕಿಸಿದರು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಆ ಹೆಸರನ್ನು ಕನ್ನಡಿಗರು ಸುಮ್ಮನೆ ಯಾರಿಗೂ ಕೊಡುವುದಿಲ್ಲ.

ಹಿಂದೂಗಳ ಆಚಾರ, ಪದ್ಧತಿ, ಸಂಸ್ಕಾರಗಳನ್ನು ಕುರಿತ ಅವರ ಹಸ್ತಪ್ರತಿ ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಮದ್ರಾಸಿಗೆ ಹೋಯಿತು. ಗವರ್ನರ್ ಬೆಂಟಿಂಕ್ ೧೮೦೭ರಲ್ಲಿ ಅದನ್ನು ಕಂಪನಿ ಸರ್ಕಾರಕ್ಕಾಗಿ ಎರಡು ಸಾವಿರ ವರಹಗಳಿಗೆ ಕೊಂಡರು. ವರಹಕ್ಕೆ ಮೂರೂವರೆ ರೂಪಾಯಿಯಂತೆ ಏಳು ಸಾವಿರ ರೂಪಾಯಿ. ಅಂದಿನ ಕಾಲಕ್ಕೆ ಭಾರಿ ಮೊತ್ತ. ಹಸ್ತಪ್ರತಿ ಹಡಗೇರಿ ಲಂಡನ್ನಿಗೆ ಹೋಗಿ, ೧೮೧೬ರಲ್ಲಿ ಆಂಗ್ಲ ಅನುವಾದವಾಗಿ ಹೊರಬಂದಿತು. ಈ ನಡುವೆ ದುಬುವಾ ಅದನ್ನು ತಿದ್ದಿ, ಬೆಳೆಸಿ, ಇನ್ನೊಂದು ಪ್ರತಿಯನ್ನು ಮದ್ರಾಸಿಗೆ ಕೊಟ್ಟಿದ್ದರು. ಅದು ಸರ್ಕಾರದ ದಫ್ತರದಲ್ಲಿ ಉಳಿದುಬಿಟ್ಟಿತು. ಬೋಷಾಂ ಎಂಬವರು ಆ ಎರಡನೆಯ ಪ್ರತಿಯಿಂದ ಮಾಡಿದ ಅನುವಾದ ಬೆಳಕು ಕಂಡದ್ದು ೧೮೯೭ರಲ್ಲಿ. ನಮ್ಮ ಕಾಲೇಜುಗಳ ಕಪಾಟಿನಲ್ಲಿರುವ ದಪ್ಪ ಪುಸ್ತಕ ಅದೇ. ಮ್ಯಾಕ್ಸ್ ಮುಲ್ಲರ್ ಅದಕ್ಕೆ ಮುನ್ನುಡಿಯ ಮಾತು ಬರೆದಿದ್ದಾರೆ. ಮೂಲ ಫ್ರೆಂಚ್ ಪುಸ್ತಕವನ್ನು ದುಬುವಾ ಸ್ವದೇಶಕ್ಕೆ ಮರಳಿದ ಮೇಲೆ, ೧೮೨೫ರಲ್ಲಿ, ಪ್ಯಾರಿಸಿನಲ್ಲಿ ತಾವೇ ಪ್ರಕಟಿಸಿದ್ದರು.

ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಪುಸ್ತಕವನ್ನು ಜನ ಒಬ್ಬ ಕಣ್ಣಾರೆ ಕಂಡವನ ಬರಹವೆಂದು ಓದಿದರು. ಟಿಪ್ಪುವಿನ ಬಳಿಕದ ಮೈಸೂರು ಹೇಗಿತ್ತೆಂದು ಬರೆಯಬೇಕಾದರೆ ಎಲ್ಲರೂ ದುಬುವಾ ಅವರನ್ನು ಸಾಕ್ಷಿಗೆ ಕರೆದರು. ಆಮೇಲೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ಇನ್ನೊಂದು ಫ್ರೆಂಚ್ ಹಸ್ತಪ್ರತಿಯನ್ನು ಕಂಡರು. ಅದು ಪುದುಚೇರಿಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ದೆವೋ ಎಂಬವನದು, ೧೭೭೭ರ ಸುಮಾರಿನದು, ಅಂದರೆ ದುಬುವಾ ಭಾರತಕ್ಕೆ ಕಾಲಿಡುವುದಕ್ಕೆ ಹದಿನೈದು ವರ್ಷ ಮುಂಚಿನದು. ಅದರ ಎಷ್ಟೋ ಭಾಗಗಳು ದುಬುವಾ ಅವರ ಪುಸ್ತಕದ ಭಾಗಗಳೇ. ಎರಡನ್ನೂ ಸಾಲುಸಾಲಾಗಿ ಹೋಲಿಸಿ, ಕೋರ್ದೂ ಅವರ ಪತ್ರಗಳೊಡನೆ ತಾಳೆ ನೋಡಿ, ಇಬ್ಬರೂ ನೀರು ಸೇದಿದ್ದು ಒಂದೇ ಬಾವಿಯಿಂದ, ಆ ಬಾವಿ ಮುದುಕ ಕೋರ್ದೂ ಅವರ ಹಸ್ತಪ್ರತಿ ಎಂದು ಮ್ಯೂರ್ ತೋರಿಸಿಕೊಟ್ಟರು. ೧೯೮೭ರಲ್ಲಿ ಅದನ್ನು ಕೋರ್ದೂ ಅವರ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಆಗಲೂ ಅವರ ಕೈಬರಹದಿಂದ ಅಲ್ಲ, ದೆವೋ ಬರೆದುಕೊಂಡ ರೂಪದಿಂದ. ಸತ್ತ ಇನ್ನೂರೆಂಟನೆಯ ವರ್ಷದಲ್ಲಿ ಹೆಸರು ಮರಳಿತು.

ದುಬುವಾ ಕದ್ದರೆ? ಈ ಪ್ರಶ್ನೆ ನಮ್ಮ ನಡುವೆ ಬಹಳ ಚರ್ಚೆಗೆ ಬಂದಿದೆ. ಒಂದು ಸಂಘದವರು ಕೂಡಿಹಾಕಿದ ತಿಳಿವಳಿಕೆಯನ್ನು ಮುಂದಿನವರು ಬಳಸಿಕೊಳ್ಳುವುದು ಅಂದಿನ ರೂಢಿ ಎನ್ನುವವರಿದ್ದಾರೆ. ಕೈಬರಹದ ಕಾಲದಲ್ಲಿ ನಮ್ಮಲ್ಲಿಯೂ ಶಾಸ್ತ್ರಗ್ರಂಥಗಳು ಹೀಗೆಯೇ ಒಬ್ಬರಿಂದೊಬ್ಬರಿಗೆ ಹರಿದು ಬೆಳೆದವು. ಅದು ಸರಿ. ಆದರೆ ಎರಡು ಸಾವಿರ ವರಹಗಳನ್ನು ಎಣಿಸಿಕೊಂಡವರು ಒಬ್ಬರೇ. ಮುಖಪುಟದ ಮೇಲಿರುವ ಹೆಸರೂ ಒಂದೇ. ದಾಕು ಹಾಕಿಸಿದ ದೊಡ್ಡ ಸ್ವಾಮಿಯವರನ್ನು ಕಳ್ಳನೆನ್ನಲು ನಮಗೆ ನಾಲಗೆ ಏಳದು. ನಿರ್ದೋಷಿಯೆನ್ನಲು ಮನಸ್ಸು ಒಪ್ಪದು. ಅವರು ಸ್ವಂತದ್ದನ್ನು ಸೇರಿಸಿಲ್ಲವೆಂದೂ ಹೇಳುವಂತಿಲ್ಲ. ಮೂರು ದಶಕ ಈ ಜನರ ನಡುವೆ ಬಾಳಿದವನ ಕಣ್ಣು ಆ ಪುಸ್ತಕದಲ್ಲಿ ಅಲ್ಲಲ್ಲಿ ಖಂಡಿತ ಕಾಣುತ್ತದೆ.

ಗಡಿಯವರಾದ ನಮಗೆ ಈ ಪತ್ತೆಯಿಂದ ಆಗುವ ಪ್ರಯೋಜನ ಬೇರೆಯೇ. ೧೮೦೦ರ ಮೈಸೂರಿನ ಚಿತ್ರವೆಂದು ನಾವೆಲ್ಲ ಓದಿಕೊಂಡು ಬಂದ ಪುಟಗಳಲ್ಲಿ ಎಷ್ಟೋ ಪುಟಗಳು ಅದಕ್ಕೆ ಅರ್ಧ ಶತಮಾನದ ಹಿಂದೆ ತೆಲುಗು ಕನ್ನಡಗಳು ಬೆರೆತ ಸೀಮೆಗಳಲ್ಲಿಯೂ ಪುದುಚೇರಿಯ ಸುತ್ತಮುತ್ತಲೂ ಬಾಳಿದವನು ಕಂಡು ಕೇಳಿ ಬರೆದವು. ಮದುವೆಯ ಶಾಸ್ತ್ರ, ಸೂತಕದ ನಿಯಮ, ಮಡಿ ಮೈಲಿಗೆಯ ಲೆಕ್ಕ ಇವನ್ನು ಓದುವಾಗ ‘ಇದು ನಮ್ಮ ಕಡೆಯದಲ್ಲವೆ’ ಎಂದು ಕೆಲವೆಡೆ ತೋರಿದ್ದಕ್ಕೆ ಕಾರಣವಿದ್ದಿರಬಹುದು. ಸಾಕ್ಷಿ ಸುಳ್ಳಲ್ಲ. ಊರೂ ಕಾಲವೂ ಬೇರೆ. ಇದನ್ನು ಗಮನಿಸದೆ ದುಬುವಾ ಅವರ ಪುಟಸಂಖ್ಯೆ ಕೊಟ್ಟು ಮೈಸೂರಿನ ಚರಿತ್ರೆ ಬರೆಯುವುದು ಇನ್ನು ಸಲ್ಲದು.

ದುಬುವಾ ೧೮೨೩ರ ಜನವರಿಯಲ್ಲಿ ಭಾರತ ಬಿಟ್ಟು, ಪ್ಯಾರಿಸಿನ ರೂ ದ್ಯು ಬಾಕ್ ಬೀದಿಯಲ್ಲಿರುವ ತಮ್ಮ ಸಂಘದ ಮನೆಯನ್ನು ಸೇರಿ, ೧೮೪೮ರಲ್ಲಿ ತೀರಿಕೊಂಡರು. ಅದೇ ಸಂಘದ ಪತ್ರಾಗಾರದಲ್ಲಿ, ಬೆಂಗಳೂರು, ಮೈಸೂರು, ಕೊಯಮತ್ತೂರು ಕಡೆಗಳಿಂದ ಆ ಸಂಘದ ಪಾದ್ರಿಗಳು ಬರೆದ ಕಾಗದಗಳು ಇಂದಿಗೂ ಇವೆ. ತಾಳವಾಡಿ, ನೀಲಗಿರಿ, ಹೊಸೂರು ಕಡೆಯ ನಮ್ಮ ಬಂಧುಗಳ ಮಕ್ಕಳಲ್ಲಿ ಯಾರಾದರೂ ಫ್ರೆಂಚ್ ಕಲಿಯುತ್ತಿದ್ದರೆ, ಈ ಸಂಗತಿಯನ್ನು ಅವರ ಕಿವಿಯ ಮೇಲೆ ಹಾಕಬೇಕೆಂದು ಕೋರುತ್ತೇವೆ. ಅಂಕಗಳಿಗಾಗಿ ಕಲಿತ ಭಾಷೆಗೆ ಇಂಥದೊಂದು ಉಪಯೋಗವೂ ಇದೆ.

ಪರದೇಶದವರ ಕೈಬರಹದ ಮಾತಾಯಿತು. ನಮ್ಮವನೇ ಒಬ್ಬನು, ತನ್ನ ನುಡಿಯಲ್ಲಿಯೇ, ತನಗಾಗಿಯೇ ಬರೆದಿಟ್ಟದ್ದಕ್ಕೆ ಏನಾಯಿತೆಂಬುದನ್ನೂ ನೋಡಬೇಕು. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ದ್ಯುಪ್ಲೆ ಅವರ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆ ೧೭೩೬ರಿಂದ ತಮಿಳಿನಲ್ಲಿ ದಿನಚರಿ ಬರೆದರು. ೧೭೬೧ರ ಜನವರಿಯಲ್ಲಿ, ಪಟ್ಟಣ ಆಂಗ್ಲರ ವಶವಾಗುವುದಕ್ಕೆ ಕೆಲವೇ ದಿನ ಮುನ್ನ ಸಾಯುವವರೆಗೆ ಅದು ಸಾಗಿ ಬಂದಿತು. ಹಡಗು ಬಂದದ್ದು, ಜವಳಿಯ ವ್ಯಾಪಾರ, ಗವರ್ನರರ ಹೆಂಡತಿಯ ದರ್ಪ, ಯಾರು ಯಾರಿಗೆ ಲಂಚ ಕೊಟ್ಟರು, ಗ್ರಹಗತಿ ಹೇಗಿದೆ ಎಲ್ಲವೂ ಅದರಲ್ಲಿವೆ. ಬರೆದವರು ತೀರಿದ ಮೇಲೆ ಆ ಪುಸ್ತಕಗಳು ಮನೆಯಲ್ಲಿಯೇ ಇದ್ದವು. ೧೮೪೬ರಲ್ಲಿ ಗಾಲ್ವಾ ಮೋಂಬ್ರಂ ಎಂಬ ಫ್ರೆಂಚ್ ಅಧಿಕಾರಿ ಅವನ್ನು ಕಂಡು ನಕಲು ಮಾಡಿಸಿದರು. ಆರಿಯೆಲ್ ಎಂಬ ಇನ್ನೊಬ್ಬರು ಮಾಡಿಸಿದ ನಕಲು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿತು. ಮದ್ರಾಸ್ ಸರ್ಕಾರ ೧೯೦೪ರಿಂದ ೧೯೨೮ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಗ್ಲ ಅನುವಾದವನ್ನು ಹೊರತಂದಿತು. ಎಂಬತ್ತೈದು ವರ್ಷ ಒಂದು ಮನೆಯವರು ಏನೆಂದು ತಿಳಿದೋ ತಿಳಿಯದೆಯೋ ಅವನ್ನು ಹೊರಗೆ ಎಸೆಯದೆ ಇಟ್ಟುಕೊಂಡರಲ್ಲ, ನಮ್ಮ ಮೊದಲ ನಮಸ್ಕಾರ ಅವರಿಗೆ.

ಇನ್ನು ನಮ್ಮ ಮನೆಯ ಮಾತು. ಮಡಕಶಿರಾ ತಾಲ್ಲೂಕಿನ ನಮ್ಮ ಊರಿನಲ್ಲಿ ತಾತನವರು ಶಾನುಭೋಗರು. ಸರ್ಕಾರದ ಕಾಗದದಲ್ಲಿ ಕರಣಂ. ೧೯೮೪ರಲ್ಲಿ ಆಂಧ್ರ ಸರ್ಕಾರ ಆ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಗೊಳಿಸಿದಾಗ ಊರಿನ ಲೆಕ್ಕದ ಪುಸ್ತಕಗಳು ಸರ್ಕಾರಕ್ಕೆ ಹೋದವು. ಉಳಿದದ್ದು ಅಟ್ಟದ ಮೇಲಿನ ಒಂದು ತಗಡಿನ ಟ್ರಂಕು. ಅದರಲ್ಲಿ ಇದ್ದಿಲು ಬಳಿದ ಎರಡು ಬಟ್ಟೆಯ ಕಡತ, ತಾತನವರ ಹತ್ತೊಂಬತ್ತು ದಿನಚರಿ ಪುಸ್ತಕ, ಬಾಗಿದ ತಂತಿಗೆ ಚುಚ್ಚಿ ಸೂರಿಗೆ ನೇತುಹಾಕಿದ್ದ ಹಾಗೆಯೇ ಇಳಿಸಿ ಇಟ್ಟ ಕಾಗದಗಳು: ಮೂಲೆಗೆ ಅರಿಶಿನ ಹಚ್ಚಿದ ಲಗ್ನದ ಕಾಗದ, ಶಿರಾ ಪಾವಗಡಗಳ ನಂಟರ ಕಾರ್ಡು, ಕ್ಷೇಮದಿಂದ ಆರಂಭವಾಗಿ ಸಾಲದಲ್ಲಿ ಮುಗಿಯುವ ಪತ್ರಗಳು. ದಿನಚರಿ ನಮ್ಮ ತಾತನವರಂತೆಯೇ ಮಿತಭಾಷಿ. ಮಳೆ ಎಷ್ಟು ಬೆರ‍ಳು ತೇವ ಇಳಿಯಿತು, ಕಡಲೆಕಾಯಿ ಏನು ಬೆಲೆ, ಯಾರು ಬಂದರು, ಯಾರು ಉಂಡರು. ೧೯೫೩ರ ಅಕ್ಟೋಬರ್ ಒಂದನೆಯ ತಾರೀಖಿನಡಿ ಹೀಗಿದೆ: ‘ಈ ದಿನದಿಂದ ಆಂಧ್ರ ರಾಜ್ಯವಂತೆ. ಬಾವಿಯ ರಾಟೆ ಮುರಿಯಿತು.’ ಆದೋನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರ್ಪಟ್ಟ ದಿನವನ್ನು ಕುರಿತು ಭಾಷಣಗಳಲ್ಲಿ ಏನೆಲ್ಲ ಕೇಳಿದ ನಮಗೆ ಆ ರಾಟೆಯ ಸಾಲು ಮರೆಯದು.

ಈ ಕಾಗದಗಳನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಈಗ ನಾಲ್ವರು. ಮಕ್ಕಳು ತೆಲುಗು, ಆಂಗ್ಲ ಮಾಧ್ಯಮಗಳಲ್ಲಿ ಓದಿದವರು. ಕನ್ನಡದ ಅಕ್ಷರಗಳನ್ನು ತೆಲುಗಿನ ನೆರವಿನಿಂದ ಕೂಡಿಸಿಕೊಂಡು ಓದಿಯಾರು; ತಾತನವರ ಮೋಡಿಯ ಮುಂದೆ ಆ ನೆರವು ಸಾಲದು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ೧೯೫೫ರಿಂದ ಅರ್ಚಕರ ಮನೆಗಳಿಗೆ, ಮಠಗಳಿಗೆ ಹೋಗಿ ಶೈವಾಗಮದ ಓಲೆಗರಿಗಳನ್ನು ಸಂಗ್ರಹಿಸಿ ಎಂಟು ಸಾವಿರಕ್ಕೂ ಮಿಕ್ಕ ಕಟ್ಟುಗಳನ್ನು ಕಾಪಾಡಿದ್ದಾರೆ. ಸಾಲದ ಚೀಟಿ, ಲಗ್ನದ ಕಾಗದಗಳನ್ನು ಕೇಳಿಕೊಂಡು ಮಡಕಶಿರೆಗೆ ಯಾರೂ ಬರುವುದಿಲ್ಲ. ಆದುದರಿಂದ ಎಲ್ಲವನ್ನೂ ಚಿತ್ರ ತೆಗೆಸಿ, ಪಟ್ಟಿ ಮಾಡಿ, ಮೂಲವನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸುವುದೆಂದು ನಾವು ಅಣ್ಣತಮ್ಮಂದಿರು ನಿಶ್ಚಯಿಸಿದೆವು.

ತಡೆದವರು ನಮ್ಮ ಸೋದರತ್ತೆಯವರು. ಎಂಬತ್ತಾರು ವರ್ಷ, ಕಣ್ಣು ಮಂಜಾದರೂ ಭೂತಗನ್ನಡಿ ಹಿಡಿದು ಪಂಚಾಂಗ ಓದುತ್ತಾರೆ. ತಂತಿಯ ಕಾಗದಗಳಲ್ಲಿ ಹನ್ನೊಂದು ಅವರವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆಯ ಮನೆಯಿಂದ ತಂದೆಗೆ ಬರೆದವು. ತಾತನವರು ಅವನ್ನು ಹರಿಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ದಿನಚರಿಯಲ್ಲಿ ಆ ದಿನಗಳಡಿ ‘ಪಾವಗಡದಿಂದ ಕಾಗದ ಬಂತು’ ಎಂದಿಷ್ಟೇ ಇದೆ.

“ಅವನ್ನ ಓದಬೇಡ್ರಪ್ಪ, ಸುಟ್ಟುಬಿಡಿ” ಎಂದರು ಅತ್ತೆ.

ನಾವು ಪಾದ್ರಿಗಳ ಕತೆಯನ್ನೆಲ್ಲ ಅವರಿಗೆ ಹೇಳಿದೆವು. ಬಣ್ಣಗಾರರ ವಿಷಯ ಹೇಳಿದೆವು. ಕೋರ್ದೂ, ದುಬುವಾ, ವರಹ ಎಲ್ಲವನ್ನೂ. ಕಾಗದ ಉಳಿದರೆ ಮುಂದಿನವರಿಗೆ ತಿಳಿಯುತ್ತದೆ ಎಂದೆವು. ಅವರು ಗಮನವಿಟ್ಟು ಕೇಳಿದರು. ಆಮೇಲೆ ಹೇಳಿದರು: “ಆ ಪಾದ್ರಿ ಬರೆದದ್ದು ಊರ ಮಾತು. ಇದು ನನ್ನ ಮಾತು.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ಹೆಂಗಸರ ಕೈಬರಹ ನಮ್ಮ ಮನೆಗಳಲ್ಲಿ ಉಳಿದಿರುವುದೇ ಅಪರೂಪ. ಆ ಹನ್ನೊಂದು ಕಾಗದಗಳ ಬೆಲೆ ಹತ್ತೊಂಬತ್ತು ದಿನಚರಿಗಳಿಗಿಂತ ಹೆಚ್ಚೆಂದು ನಮಗೆ ಗೊತ್ತಿತ್ತು. ಹಾಗೆಂದು ಬದುಕಿರುವವರ ಎದೆಯ ಮಾತನ್ನು ಅವರ ಎದುರಿಗೇ ಹರಾಜಿಗಿಡಲು ನಾವು ಕಂಪನಿ ಸರ್ಕಾರವಲ್ಲ. ಹನ್ನೊಂದನ್ನೂ ತಂತಿಯಿಂದ ಬಿಡಿಸಿ, ಓದದೆ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಅತ್ತೆಯವರ ಕೈಗೆ ಕೊಟ್ಟೆವು. ಸುಡುವುದೂ ಇಡುವುದೂ ಅವರಿಗೆ ಬಿಟ್ಟದ್ದು ಎಂದೆವು.

ಎರಡು ತಿಂಗಳ ಮೇಲೆ ಅವರು ಕರೆದು ಮೂರು ಕಾಗದಗಳನ್ನು ಹಿಂದಕ್ಕೆ ಕೊಟ್ಟರು. “ಇವನ್ನ ಬೇಕಾದ್ರೆ ಇಟ್ಕೊಳ್ಳಿ. ಶಾನುಭೋಗರ ಮಗಳು ಅಂತ ಬರೀಬೇಡಿ, ನನ್ನ ಹೆಸರು ಹಾಕಿ” ಎಂದರು. ಉಳಿದ ಎಂಟರ ವಿಷಯ ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಮೂರರ ಬೆನ್ನಿಗೂ ಪೆನ್ಸಿಲಿನಲ್ಲಿ, ನಡುಗುವ ಆದರೆ ದುಂಡಾದ ಅಕ್ಷರಗಳಲ್ಲಿ, ತಮ್ಮ ಹೆಸರು, ಊರು, ಬರೆದ ಇಸವಿಗಳನ್ನು ತಾವೇ ಕಾಣಿಸಿದ್ದಾರೆ. ಒಂದಕ್ಕೆ ಮಾತ್ರ ಇಸವಿ ನೆನಪಾಗಿಲ್ಲ. ‘ಅಪ್ಪನ ಮನೆ ಬಾವಿ ಬತ್ತಿದ ವರ್ಷ’ ಎಂದಿದೆ. ತಾತನವರ ದಿನಚರಿಯಲ್ಲಿ ಬಾವಿ ಬತ್ತಿದ್ದು ಎರಡು ಸಲ. ಯಾವುದೆಂದು ಅತ್ತೆಯವರನ್ನು ಕೇಳಬೇಕಾಗಿದೆ.